ಮಾನ್ಯಖೇಟದ ಪತನ: ರಾಷ್ಟ್ರಕೂಟರ ಕೊನೆಯ ವರ್ಷಗಳು

ರಾಷ್ಟ್ರಕೂಟರ ಅವನತಿ ಎದ್ದು ಕಾಣುವುದು ಅದರ ವೇಗದಿಂದ. ಎಂಟನೆಯ ಶತಮಾನದ ಮಧ್ಯದಲ್ಲಿ ದಂತಿದುರ್ಗನು ಬಾದಾಮಿ ಚಾಲುಕ್ಯರನ್ನು ಸೋಲಿಸಿ ಕಟ್ಟಿದ ರಾಜ್ಯವು ಮೂರನೆಯ ಕೃಷ್ಣನ ಆಳ್ವಿಕೆಯಲ್ಲಿ (939–967) ನರ್ಮದೆಯಿಂದ ತೊಂಡೈಮಂಡಲದವರೆಗೆ ಹಬ್ಬಿತ್ತು. ಅವನು ತೀರಿಕೊಂಡ ಆರೇ ವರ್ಷಗಳಲ್ಲಿ ರಾಜಧಾನಿ ಮಾನ್ಯಖೇಟ, ಅಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ, ವಂಶದ ಕೈತಪ್ಪಿತು. ಉತ್ತರಾಧಿಕಾರಿಗಳ ದೌರ್ಬಲ್ಯವೊಂದರಿಂದಲೇ ಇದನ್ನು ವಿವರಿಸಲಾಗದು. ಕೃಷ್ಣನ ದಿಗ್ವಿಜಯಗಳು ನಿಂತಿದ್ದ ಸಾಮಂತ ವ್ಯವಸ್ಥೆಯಲ್ಲಿಯೇ ಪತನದ ಬೇರುಗಳಿದ್ದವು.

ಕೃಷ್ಣನು ಗೆದ್ದದ್ದು ಸಾಮಂತರ ಬಲದಿಂದ. ಗೆದ್ದ ಮೇಲೆ ನಾಡನ್ನು ಹಂಚಿಕೊಟ್ಟದ್ದೂ ಅವರಿಗೇ. 949ರ ತಕ್ಕೋಲದ ಕಾಳಗದಲ್ಲಿ ಚೋಳ ರಾಜಕುಮಾರ ರಾಜಾದಿತ್ಯನನ್ನು ಕೊಂದ ಗಂಗ ದೊರೆ ಇಮ್ಮಡಿ ಬೂತುಗನಿಗೆ ಬನವಾಸಿ 12000, ಬೆಳ್ವೊಲ 300, ಪುರಿಗೆರೆ 300 ಮೊದಲಾದ ನಾಡುಗಳು ದೊರೆತವೆಂದು ಆತಕೂರು ಶಾಸನ ತಿಳಿಸುತ್ತದೆ. 959ರಲ್ಲಿ ಕೃಷ್ಣನು ಮೇಲ್ಪಾಡಿಯ ಬೀಡಿನಲ್ಲಿದ್ದುಕೊಂಡು ದಕ್ಷಿಣದ ಪ್ರಾಂತಗಳನ್ನು ತನ್ನ ಆಶ್ರಿತರಿಗೆ ಹಂಚುತ್ತಿದ್ದುದು ಕರ್ಹಾಡ ತಾಮ್ರಪಟಗಳಿಂದ ತಿಳಿಯುತ್ತದೆ. ಇನ್ನೂ ಹೆಚ್ಚು ಪರಿಣಾಮ ಬೀರಿದ ದತ್ತಿ ತರ್ದವಾಡಿ 1000. ಇಂದಿನ ವಿಜಯಪುರ ಭಾಗದ ಈ ನಾಡನ್ನು ಚಾಲುಕ್ಯ ತೈಲಪನು ಕೃಷ್ಣನಿಂದ ಅಣುಗಜೀವಿತವಾಗಿ, ಅಂದರೆ ಉಂಬಳಿಯಾಗಿ, ಪಡೆದು ಆಳುತ್ತಿದ್ದನೆಂದು 965ರ ನರಸಲಗಿ ಶಾಸನ ಹೇಳುತ್ತದೆ. ಬಾದಾಮಿ ಚಾಲುಕ್ಯರ ವಂಶಜನೆಂದು ಹೇಳಿಕೊಳ್ಳುತ್ತಿದ್ದ ಈ ಸಾಮಂತನಿಗೆ ಸಾಮ್ರಾಜ್ಯದ ಒಡಲಿನಲ್ಲಿಯೇ ನೆಲೆ ಸಿಕ್ಕಂತಾಯಿತು.

ಮೊದಲ ಪೆಟ್ಟು ಬಿದ್ದದ್ದು ಉತ್ತರದಿಂದ. ಮಾಳವದ ಪರಮಾರರು ರಾಷ್ಟ್ರಕೂಟರ ಸಾಮಂತರಾಗಿದ್ದವರು. ಕೃಷ್ಣನ ತಮ್ಮ ಖೊಟ್ಟಿಗನು ಪಟ್ಟಕ್ಕೆ ಬಂದ ಮೇಲೆ ಪರಮಾರ ಸೀಯಕನು ಅವನೊಡನೆ ನರ್ಮದಾ ತೀರದಲ್ಲಿ ಕಾದಿ, ಮುಂದೆ ದಕ್ಷಿಣಕ್ಕೆ ನುಗ್ಗಿ 972ರ ಸುಮಾರಿಗೆ ಮಾನ್ಯಖೇಟವನ್ನು ಸೂರೆಗೈದನು. ಕವಿ ಧನಪಾಲನು ತನ್ನ ಪ್ರಾಕೃತ ನಿಘಂಟು ‘ಪಾಇಯಲಚ್ಛೀ’ಯ ರಚನಾಕಾಲವನ್ನು ಈ ಸೂರೆಯಿಂದಲೇ ಗುರುತಿಸುತ್ತಾನೆ. ಮಾನ್ಯಖೇಟದಲ್ಲಿ ಆಶ್ರಯ ಪಡೆದಿದ್ದ ಅಪಭ್ರಂಶ ಕವಿ ಪುಷ್ಪದಂತನ ಹೆಸರಿನ ಪದ್ಯವೊಂದು ಅದೇ ನಗರದ ನಾಶಕ್ಕೆ ಮರುಗುತ್ತದೆ. ಸೀಯಕನು ಊರನ್ನು ಹಿಡಿದಿಟ್ಟುಕೊಳ್ಳದೆ ಹಿಂದಿರುಗಿದನಾದರೂ ಚಕ್ರವರ್ತಿಯ ರಾಜಧಾನಿಯೇ ಸುರಕ್ಷಿತವಲ್ಲವೆಂಬುದು ಸಾಮಂತರೆಲ್ಲರಿಗೂ ಮನವರಿಕೆಯಾಯಿತು.

ಖೊಟ್ಟಿಗನ ನಂತರ ಅವನ ಸೋದರನ ಮಗ ಇಮ್ಮಡಿ ಕರ್ಕನು ಸಿಂಹಾಸನವೇರಿದನು. ಬೊಕ್ಕಸ ಬರಿದಾಗಿತ್ತು, ಅಧಿಕಾರದ ವರ್ಚಸ್ಸು ಕುಗ್ಗಿತ್ತು. ತೈಲಪನು 973ರಲ್ಲಿ ಅವನನ್ನು ಸೋಲಿಸಿ ಮಾನ್ಯಖೇಟವನ್ನು ವಶಪಡಿಸಿಕೊಂಡನು. ಬಂಧುತ್ವದಿಂದ ರಾಷ್ಟ್ರಕೂಟರ ಪಕ್ಷದಲ್ಲಿ ನಿಂತವನು ಗಂಗ ಮಾರಸಿಂಹ. ಅವನು ತನ್ನ ಸೋದರಳಿಯನೂ ಮೂರನೆಯ ಕೃಷ್ಣನ ಮೊಮ್ಮಗನೂ ಆದ ನಾಲ್ಕನೆಯ ಇಂದ್ರನಿಗೆ ಪಟ್ಟಗಟ್ಟಿದನು. ಆದರೆ ಈ ಪ್ರಯತ್ನ ಫಲಿಸಲಿಲ್ಲ. ಮಾರಸಿಂಹನು ಅಧಿಕಾರ ತೊರೆದು ಬಂಕಾಪುರದಲ್ಲಿ ಅಜಿತಸೇನಾಚಾರ್ಯರ ಸನ್ನಿಧಿಯಲ್ಲಿ ಸಲ್ಲೇಖನ ವ್ರತ ಕೈಗೊಂಡನು. ಇಂದ್ರನು 982ರಲ್ಲಿ ಶ್ರವಣಬೆಳಗೊಳದಲ್ಲಿ ಅದೇ ವ್ರತದಿಂದ ದೇಹ ಬಿಟ್ಟನು. ಅವನ ಸ್ಮಾರಕ ಶಾಸನವು ಚೆಂಡಾಟದಲ್ಲಿ ಅವನಿಗಿದ್ದ ನೈಪುಣ್ಯವನ್ನು ವಿಸ್ತಾರವಾಗಿ ಹೊಗಳುತ್ತದೆ.

ಹೊಸ ಒಡೆತನವನ್ನು ಎಲ್ಲರೂ ಒಂದೇ ಬಗೆಯಲ್ಲಿ ಒಪ್ಪಲಿಲ್ಲ. ಉತ್ತರ ಕೊಂಕಣದ ಶಿಲಾಹಾರ ಅಪರಾಜಿತನು 997ರ ಭಾದಾನ ತಾಮ್ರಪಟದಲ್ಲಿ ರಾಷ್ಟ್ರಕೂಟರ ವಂಶಾವಳಿಯನ್ನು ನೆನೆದು, ಆ ರಾಜ್ಯ ಅಳಿದುದಕ್ಕೆ ವಿಷಾದಿಸಿದನು. ಸೇವುಣರ ಭಿಲ್ಲಮನು ತೈಲಪನ ಪಕ್ಷ ಸೇರಿ ಪರಮಾರ ಮುಂಜನ ವಿರುದ್ಧ ಹೋರಾಡಿದನು. ಮುಂಜನು ತೈಲಪನಿಗೆ ಸೆರೆಸಿಕ್ಕು ಹತನಾದನು. ದಕ್ಷಿಣದಲ್ಲಿ ಚೋಳರು ತೊಂಡೈಮಂಡಲವನ್ನು ಮರಳಿ ಪಡೆದರು.

ಅರಸು ಮನೆತನ ಬದಲಾದರೂ ಆಡಳಿತದ ಚೌಕಟ್ಟು ಬದಲಾಗಲಿಲ್ಲ. ತೈಲಪನಿಂದ ಮೊದಲಾದ ಕಲ್ಯಾಣ ಚಾಲುಕ್ಯರು ಆರಂಭದಲ್ಲಿ ಮಾನ್ಯಖೇಟದಿಂದಲೇ ಆಳಿದರು. ನಾಡುಗಳನ್ನು ಸಾಮಂತರಿಗೆ ವಹಿಸಿಕೊಡುವ ಪದ್ಧತಿಯನ್ನೂ ಮುಂದುವರಿಸಿದರು. ಹನ್ನೆರಡನೆಯ ಶತಮಾನದ ಮಧ್ಯದಲ್ಲಿ ಅವರ ಸಿಂಹಾಸನವನ್ನು ಕಸಿದುಕೊಂಡ ಕಳಚುರಿ ಬಿಜ್ಜಳನೂ ಮೊದಲು ತರ್ದವಾಡಿ 1000ವನ್ನು ಆಳುತ್ತಿದ್ದ ಮಹಾಮಂಡಲೇಶ್ವರನೇ ಆಗಿದ್ದನು.