ಘಾಟಿಯ ಕೊಲೆಯೂ ಪತ್ತೇದಾರಿ ಕಥೆಯ ಹೆಣ್ಣೂ

ದೊಡ್ಡಬಳ್ಳಾಪುರ ತಾಲ್ಲೂಕಿನ ಘಾಟಿ ಸುಬ್ರಹ್ಮಣ್ಯಕ್ಕೆ ಹೋಗಿ ಬಂದವರ ಮನಸ್ಸಿನಲ್ಲಿ ಎರಡು ಸಂಗತಿಗಳು ಉಳಿಯುತ್ತವೆ. ಒಂದೇ ಶಿಲೆಯಲ್ಲಿ ಪೂರ್ವಕ್ಕೆ ಸುಬ್ರಹ್ಮಣ್ಯ, ಪಶ್ಚಿಮಕ್ಕೆ ನರಸಿಂಹ. ಬೆನ್ನ ಕಡೆಯ ನರಸಿಂಹನನ್ನು ಕನ್ನಡಿಯಲ್ಲಿ ನೋಡಬೇಕು. ಇನ್ನೊಂದು, ಸಾಲುಸಾಲಾಗಿ ನಿಂತ ನಾಗರಕಲ್ಲುಗಳು. ಅವುಗಳಲ್ಲಿ ಹೆಚ್ಚಿನವು ಮಕ್ಕಳ ಹರಕೆಯವು. ಮದುವೆಯಾಗಿ ವರ್ಷಗಳು ಕಳೆದರೂ ಮಡಿಲು ತುಂಬದ ಹೆಣ್ಣಿಗೆ ಊರವರು, ನೆಂಟರು, ಕೊನೆಗೆ ಅತ್ತೆಯೂ ತೋರಿಸುವ ದಾರಿ ಇದು.

2007ರ ಡಿಸೆಂಬರಿನಲ್ಲಿ ಇದೇ ದಾರಿ ಹಿಡಿದು ಬಂದ ಮಹಿಳೆಯೊಬ್ಬರು ಘಾಟಿಯಲ್ಲಿ ಸಯನೈಡಿಗೆ ಬಲಿಯಾದರು. ಕೊಂದವಳು ಕಗ್ಗಲೀಪುರದ ಕೆ.ಡಿ. ಕೆಂಪಮ್ಮ. ಪತ್ರಿಕೆಗಳು ಆಕೆಗೆ ಇಟ್ಟ ಹೆಸರು ‘ಸಯನೈಡ್ ಮಲ್ಲಿಕಾ’. 1999ರಿಂದ ಆರು ಮಂದಿ ಮಹಿಳೆಯರನ್ನು ಆಕೆ ಕೊಂದಳೆಂಬುದು ಪೊಲೀಸರ ಆರೋಪ. ಆಕೆಯ ಕ್ರಮ ಸರಳವಾಗಿತ್ತು. ದೇವಸ್ಥಾನಗಳಲ್ಲಿ ಕಣ್ಣೀರಿಡುವ ಹೆಂಗಸರನ್ನು ಗುರುತಿಸುವುದು, ಕಷ್ಟ ಕೇಳುವುದು, ವಿಶೇಷ ಪೂಜೆ ಮಾಡಿಸಿದರೆ ಪರಿಹಾರವಾಗುತ್ತದೆ ಎನ್ನುವುದು, ಒಳ್ಳೆಯ ಸೀರೆಯುಟ್ಟು ಮೈತುಂಬ ಒಡವೆ ಹಾಕಿಕೊಂಡು ಬೇರೊಂದು ಕ್ಷೇತ್ರಕ್ಕೆ ಬರಹೇಳುವುದು. ಅಲ್ಲಿ ತೀರ್ಥವೆಂದೋ ಪ್ರಸಾದವೆಂದೋ ವಿಷ ಕೊಡುವುದು. ಆಮೇಲೆ ಒಡವೆ ಆಕೆಯದು. 2007 ಮುಗಿಯುವ ಹೊತ್ತಿಗೆ ಆಕೆ ಸಿಕ್ಕಿಬಿದ್ದಳು. ನ್ಯಾಯಾಲಯ ವಿಧಿಸಿದ ಮರಣದಂಡನೆ ಆಮೇಲೆ ಜೀವಾವಧಿಗೆ ಇಳಿಯಿತು.

ಪತ್ತೇದಾರಿ ಕಾದಂಬರಿಗಳನ್ನು ಓದಿ ಬೆಳೆದವರಿಗೆ ಈ ಕೊಲೆ ವಿಚಿತ್ರವಾಗಿ ಕಾಣುತ್ತದೆ. ಇಲ್ಲಿ ಕತ್ತಲ ಬೀದಿಯಿಲ್ಲ, ಕರಿಕೋಟಿನ ಖೂಳನಿಲ್ಲ. ಅಕ್ಕರೆಯ ಮಾತಾಡುವ ನಡುವಯಸ್ಸಿನ ಹೆಂಗಸು, ಹಗಲು ಹೊತ್ತು, ದೇವರ ಸನ್ನಿಧಿ.

ಕನ್ನಡದಲ್ಲಿ ಪತ್ತೇದಾರಿಯನ್ನು ಮನೆಮನೆಗೆ ತಲುಪಿಸಿದವರಲ್ಲಿ ಎನ್. ನರಸಿಂಹಯ್ಯನವರ ಹೆಸರು ಮೊದಲು ಬರಬೇಕು. ನಾಲ್ಕನೆಯ ತರಗತಿಯವರೆಗೆ ಓದಿದ ಅವರು ಐನೂರಕ್ಕೂ ಹೆಚ್ಚು ಕಾದಂಬರಿ ಬರೆದರು. ಅವರ ಪತ್ತೇದಾರ ಪುರುಷೋತ್ತಮನಿಗಾಗಿ ಬಾಡಿಗೆ ಪುಸ್ತಕದಂಗಡಿಗಳ ಮುಂದೆ ಹುಡುಗರು ಕಾಯುತ್ತಿದ್ದರು. ಕನ್ನಡ ಓದುವ ಅಭ್ಯಾಸ ಆ ತೆಳು ಪುಸ್ತಕಗಳಿಂದಲೇ ಹತ್ತಿತು ಎನ್ನುವವರು ಇಂದಿಗೂ ಸಿಗುತ್ತಾರೆ. ಕನ್ನಡ ಬಾವುಟದ ಮ. ರಾಮಮೂರ್ತಿಯವರೂ ಪತ್ತೇದಾರಿ ಬರೆದವರೇ. ಬಾವುಟ ಗೊತ್ತಿದ್ದವರಿಗೆ ಅವರ ಕಾದಂಬರಿ ಗೊತ್ತಿಲ್ಲ ಎಂಬುದು ಬೇರೆ ಮಾತು.

ಆ ಕಾಲದ ಪತ್ತೇದಾರಿಯಲ್ಲಿ ಕ್ರೌರ್ಯದ ವರ್ಣನೆ ಕಡಿಮೆ. ಆದರೆ ಹೆಣ್ಣಿಗೆ ಮೀಸಲಾದ ಜಾಗ ಮಾತ್ರ ಕಿರಿದು. ಆಕೆ ಅಪಹರಣಕ್ಕೊಳಗಾಗುತ್ತಾಳೆ, ಇಲ್ಲವೇ ಮೊದಲ ಅಧ್ಯಾಯದಲ್ಲಿ ಶವವಾಗಿರುತ್ತಾಳೆ, ಇಲ್ಲವೇ ಖೂಳರ ಗುಂಪಿನ ಮೋಹಕ ಸಂಗಾತಿ. ಅವಳ ಸಾವು ಪತ್ತೇದಾರನ ಬುದ್ಧಿಗೆ ಮೊದಲ ಗಂಟೆ ಬಾರಿಸುತ್ತದೆ, ಅಷ್ಟೆ. ಇದು ಕನ್ನಡದ ದೋಷವೊಂದೇ ಅಲ್ಲ. ಸುಂದರ ಹೆಣ್ಣಿನ ಸಾವಿಗಿಂತ ಕಾವ್ಯಮಯ ವಸ್ತುವಿಲ್ಲವೆಂದು ಪತ್ತೇದಾರಿ ಕಥೆಯ ಮೂಲಪುರುಷ ಎಡ್ಗರ್ ಅಲನ್ ಪೋ 1846ರಲ್ಲೇ ವಾದಿಸಿದ್ದ. ಅವನ ಮಾತು ಕವಿತೆಯ ಕುರಿತಾಗಿತ್ತು; ಕೊಲೆಕಥೆಗಳು ಅದನ್ನು ತಮಗೇ ಹೇಳಿದ್ದೆಂಬಂತೆ ನಡೆಸಿಕೊಂಡು ಬಂದವು.

ಈಚಿನ ದಶಕಗಳಲ್ಲಿ ಬಣ್ಣ ಗಾಢವಾಯಿತು. ಅಪರಾಧ ವಾರಪತ್ರಿಕೆಗಳು, ಟಿ.ವಿ.ಯ ಕ್ರೈಮ್ ಕಾರ್ಯಕ್ರಮಗಳು, ಸಿನಿಮಾಗಳು ಕೊಲೆಯನ್ನು ವಿವರವಾಗಿ ತೋರಿಸಲು ಕಲಿತವು. ಘಾಟಿಯ ಜಿಲ್ಲೆಯದೇ ಆದ ಹೊಸಕೋಟೆ ತಾಲ್ಲೂಕಿನ ಹಳ್ಳಿಯ ಹೆಸರಿನಲ್ಲಿ 2012ರಲ್ಲಿ ‘ದಂಡುಪಾಳ್ಯ’ ಚಿತ್ರ ಬಂತು. ಒಂಟಿ ಮನೆಗಳಿಗೆ ನುಗ್ಗಿ ಕೊಲೆ, ದರೋಡೆ ಮಾಡಿದ ಗುಂಪಿನ ಕಥೆ. ಅದು ಗೆದ್ದಿತು, ಮುಂದಿನ ಭಾಗಗಳೂ ಬಂದವು. ಸತ್ತವರ ನೋವಿಗಿಂತ ಕೊಂದವರ ಅಬ್ಬರಕ್ಕೆ ಅಲ್ಲಿ ಪರದೆ ಹೆಚ್ಚು ದೊರೆತಿದೆ ಎಂಬುದು ನನ್ನ ಅನಿಸಿಕೆ. ಒಂದು ಹಳ್ಳಿಯ ಹೆಸರೇ ಬೈಗುಳದಂತಾಯಿತು ಎಂಬುದನ್ನೂ ಮರೆಯಬಾರದು.

ಘಾಟಿಯ ಪ್ರಕರಣದ ಜೊತೆಗಿಟ್ಟು ನೋಡಬೇಕಾದ ಇನ್ನೊಂದು ಪ್ರಕರಣ ದಕ್ಷಿಣ ಕನ್ನಡದ ಮೋಹನ್ ಕುಮಾರನದು. ಶಾಲಾ ಶಿಕ್ಷಕನಾಗಿದ್ದವನು. 2003ರಿಂದ 2009ರ ನಡುವೆ ಇಪ್ಪತ್ತು ಮಂದಿ ಯುವತಿಯರ ಕೊಲೆಗಳಲ್ಲಿ ಆರೋಪಿಯಾಗಿ, 2013ರಿಂದ ಒಂದೊಂದೇ ಪ್ರಕರಣದಲ್ಲಿ ಶಿಕ್ಷೆಗೆ ಒಳಗಾದ. ವರದಕ್ಷಿಣೆಯಿಲ್ಲದೆ ಮದುವೆಯಾಗುತ್ತೇನೆಂದು ನಂಬಿಸಿ ಪರವೂರಿಗೆ ಕರೆದೊಯ್ಯುವುದು, ಲಾಡ್ಜಿನಲ್ಲಿ ರಾತ್ರಿ ಕಳೆದು, ಗರ್ಭ ನಿಲ್ಲದಿರಲಿ ಎಂದು ಮಾತ್ರೆ ಕೊಡುವುದು. ಮಾತ್ರೆ ಸಯನೈಡು. ಬಸ್ ನಿಲ್ದಾಣದ ಶೌಚಾಲಯದಲ್ಲಿ ಅಪರಿಚಿತ ಶವ. ಬಡಮನೆಯ ಹುಡುಗಿ ಯಾರೊಂದಿಗೋ ಓಡಿಹೋದಳೆಂದುಕೊಂಡ ಮನೆಯವರು ಮರ್ಯಾದೆಗೆ ಅಂಜಿ ದೂರು ಕೊಡದಿದ್ದುದೂ ಉಂಟು. ಅದು ಕೊಲೆಗಾರನ ಲೆಕ್ಕಾಚಾರದೊಳಗೇ ಇತ್ತು.

ಎರಡನ್ನೂ ಒಟ್ಟಿಗೆ ಓದಿದರೆ ಕೊಲೆಗಾರರ ವಿಕಾರ ಮನಸ್ಸಿಗಿಂತ ದೊಡ್ಡ ಸಂಗತಿ ಕಾಣುತ್ತದೆ. ಒಬ್ಬಳು ಬಂಜೆಯೆಂಬ ಮಾತಿನಿಂದ ತಪ್ಪಿಸಿಕೊಳ್ಳಲು ಬಂದಳು, ಇನ್ನೊಬ್ಬಳು ಮದುವೆಯಾಗದವಳೆಂಬ ಮಾತಿನಿಂದ. ಸಯನೈಡು ಕೊಟ್ಟ ಕೈ ಒಂದು. ಅಲ್ಲಿಯವರೆಗೆ ನೂಕಿದ ಕೈಗಳು ಹಲವು. ಕರಾಳ ಕಥೆಗಳು ಮೊದಲನೆಯ ಕೈಯನ್ನು ಹತ್ತಿರದಿಂದ ತೋರಿಸುತ್ತವೆ, ಉಳಿದವು ಚೌಕಟ್ಟಿನಾಚೆಗೆ. 2023ರ ಹಿಂದಿ ಸರಣಿ ‘ದಹಾಡ್’ ಮೋಹನ್ ಕುಮಾರನ ಪ್ರಕರಣವನ್ನು ಹೋಲುವ ಕಥೆಯನ್ನು ರಾಜಸ್ಥಾನದಲ್ಲಿ ನಿಲ್ಲಿಸಿ, ವರದಕ್ಷಿಣೆ, ಜಾತಿಗಳನ್ನೂ ತನಿಖೆಗೆ ಎಳೆದುತಂದಿತು. ಅದು ಮೆಚ್ಚಬೇಕಾದ ಪ್ರಯತ್ನ.

ಹೊರಗೂ ಈ ಜಗಳ ನಡೆದಿದೆ. ಹೆಣ್ಣನ್ನು ಹೊಡೆಯದ, ಕೊಲ್ಲದ, ಅತ್ಯಾಚಾರಕ್ಕೊಳಪಡಿಸದ ರೋಚಕ ಕಾದಂಬರಿಗೆಂದೇ 2018ರಲ್ಲಿ ಬ್ರಿಟನ್ನಿನಲ್ಲಿ ‘ಸ್ಟಾಂಚ್’ ಎಂಬ ಬಹುಮಾನ ಹುಟ್ಟಿತು. ಹೆಂಗಸರ ಮೇಲೆ ಹಿಂಸೆ ನಡೆಯುತ್ತಿರುವಾಗ ಬರೆಯಬೇಡಿ ಎನ್ನುವುದು ಹೇಗೆ ಎಂದು ಲೇಖಕಿಯರೇ ಸಿಟ್ಟಾದರು. ಅವರ ಸಿಟ್ಟು ನ್ಯಾಯವಾದದ್ದು. ಮುಚ್ಚಿಟ್ಟರೆ ಘಾಟಿಯಂಥ ಕೊಲೆ ಕಥೆಯಾಗುವುದೇ ಇಲ್ಲ. ಮರುವರ್ಷ ಹ್ಯಾಲಿ ರೂಬೆನ್‌ಹೋಲ್ಡ್ ಎಂಬ ಇತಿಹಾಸಕಾರ್ತಿ ಬೇರೊಂದು ದಾರಿ ತೋರಿಸಿದರು: 1888ರಲ್ಲಿ ಲಂಡನ್ನಿನ ‘ಜ್ಯಾಕ್ ದಿ ರಿಪ್ಪರ್’ ಕೊಂದ ಐವರು ಮಹಿಳೆಯರ ಬಾಳನ್ನು, ಅವರು ಹುಟ್ಟಿದಂದಿನಿಂದ, ಬರೆದರು. ಕೊಲೆಗಾರನಿಗೆ ಆ ಪುಸ್ತಕದಲ್ಲಿ ಜಾಗವೇ ಇಲ್ಲವೆನ್ನಬೇಕು.

ನಮ್ಮಲ್ಲಿ ಅದು ಕಷ್ಟ. ನೂರಮೂವತ್ತು ವರ್ಷ ಕಳೆದಿಲ್ಲ. ಸತ್ತವರ ಗಂಡ, ತಾಯಿ, ಅಕ್ಕತಂಗಿಯರು ಇನ್ನೂ ಊರಲ್ಲಿದ್ದಾರೆ. ಆ ಕಾರಣಕ್ಕೇ ಇಲ್ಲಿಯೂ ಅವರ ಹೆಸರು ಬರೆದಿಲ್ಲ. ಕೆಂಪಮ್ಮನ ಹೆಸರಿಗೆ ಮಾತ್ರ ಬಿಡುವಿಲ್ಲ. 2017ರಲ್ಲಿ ಪರಪ್ಪನ ಅಗ್ರಹಾರ ಜೈಲಿಗೆ ತಮಿಳುನಾಡಿನ ಶಶಿಕಲಾ ಬಂದಾಗ, ಪಕ್ಕದ ಕೋಣೆಯಲ್ಲಿ ‘ಸಯನೈಡ್ ಮಲ್ಲಿಕಾ’ ಇದ್ದಾಳೆಂಬುದೇ ದೊಡ್ಡ ಸುದ್ದಿಯಾಯಿತು.