ಕೋವಿ ಕೊನೆಗೆ ಯಾರ ಕೈಗೆ?

ಹನೂರಿನ ಆಚೆ, ಕಾಡಂಚಿನಲ್ಲಿರುವ ಊರು ರಾಮಾಪುರ. 1992ರ ಮೇ ತಿಂಗಳಲ್ಲಿ ದಂತಚೋರ ವೀರಪ್ಪನ್ ಮತ್ತು ಅವನ ಸಹಚರರು ಅಲ್ಲಿನ ಪೊಲೀಸ್ ಠಾಣೆಗೆ ನುಗ್ಗಿದರು. ಐವರು ಪೊಲೀಸರು ಪ್ರಾಣ ಕಳೆದುಕೊಂಡರು. ಹೋಗುವಾಗ ದಾಳಿಕೋರರು ಠಾಣೆಯಲ್ಲಿದ್ದ ಬಂದೂಕು, ಮದ್ದುಗುಂಡುಗಳನ್ನೂ ಹೊತ್ತೊಯ್ದರು. ಅದೇ ವರ್ಷ ಆಗಸ್ಟ್ 14ರಂದು ಮೀಣ್ಯಂ ಬಳಿ ಪೊಲೀಸ್ ವರಿಷ್ಠಾಧಿಕಾರಿ ಟಿ. ಹರಿಕೃಷ್ಣ, ಸಬ್ ಇನ್‌ಸ್ಪೆಕ್ಟರ್ ಶಕೀಲ್ ಅಹ್ಮದ್ ಮತ್ತು ಅವರ ಜೊತೆಗಿದ್ದ ಸಿಬ್ಬಂದಿ ಹೊಂಚುದಾಳಿಗೆ ಬಲಿಯಾದರು.

ಸತ್ತವರನ್ನು ಆ ಸೀಮೆಯ ಜನ ಮರೆತಿಲ್ಲ. ಆದರೆ ರಾಮಾಪುರದಿಂದ ಹೋದ ಬಂದೂಕುಗಳ ವಿಚಾರ ಅಷ್ಟಾಗಿ ಚರ್ಚೆಯಾಗಲಿಲ್ಲ. ಅವು ಕಳ್ಳಸಾಗಣೆಯ ಮಾಲಲ್ಲ. ಸರ್ಕಾರದ ಹಣದಲ್ಲಿ ಬಂದವು, ಜನರ ರಕ್ಷಣೆಗೆಂದು ಇಟ್ಟಿದ್ದವು. ಒಂದೇ ದಾಳಿಯಲ್ಲಿ ಕಾನೂನಿನ ಕೈಯಿಂದ ಕಳ್ಳನ ಕೈಗೆ ದಾಟಿದವು. ಕೋವಿಯನ್ನು ಯಾರಿಗೆ ಕೊಟ್ಟೆವು ಎಂದು ಕೇಳಿದರೆ ಸಾಲದು, ಅದು ಕೊನೆಗೆ ಯಾರ ಕೈ ಸೇರೀತು ಎಂದೂ ಕೇಳಬೇಕು. ಜಗತ್ತಿನ ನೂರಾರು ಸ್ವಯಂಸೇವಾ ಸಂಸ್ಥೆಗಳು ಹತ್ತಾರು ವರ್ಷ ಸರ್ಕಾರಗಳ ಮುಂದೆ ಇಟ್ಟ ಪ್ರಶ್ನೆಯೂ ಇದೇ.

ಗಡಿ ದಾಟಿದರೆ ಬೇರೆ ಕಾನೂನು

ಗಡಿ ಎಂದರೇನು ಎಂಬುದನ್ನು ಈ ಸೀಮೆಯ ಜನರಿಗೆ ಹೇಳಿಕೊಡಬೇಕಿಲ್ಲ. 1799ರಲ್ಲಿ ಟಿಪ್ಪು ಸುಲ್ತಾನ ಮಡಿದ ನಂತರ ಕೊಳ್ಳೇಗಾಲ ಕಂಪನಿ ಸರ್ಕಾರದ ಪಾಲಾಯಿತು. 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರುವವರೆಗೂ ಅದು ಮದರಾಸಿನ ಕೊಯಮತ್ತೂರು ಜಿಲ್ಲೆಯ ತಾಲ್ಲೂಕು. ಪಕ್ಕದ ಯಳಂದೂರು ಮಾತ್ರ 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ದೊರೆತು ಮೈಸೂರಿನ ಜೊತೆಗೇ ಉಳಿಯಿತು. ಕೆಲವು ಹರದಾರಿ ನಡೆದರೆ ಆಡಳಿತವೇ ಬೇರೆ. ಮುಂದೆ ವೀರಪ್ಪನ್ ಕೂಡ ಕರ್ನಾಟಕ ಮತ್ತು ತಮಿಳುನಾಡಿನ ಗಡಿಯನ್ನೇ ಗುರಾಣಿ ಮಾಡಿಕೊಂಡ.

ಕೋವಿ ಯಾರ ಬಳಿ ಇರಬಹುದು ಎಂಬ ಕಾನೂನು ಹಳೆಯದು. 1878ರಲ್ಲಿ ಬ್ರಿಟಿಷರು ತಂದ ಶಸ್ತ್ರಾಸ್ತ್ರ ಕಾಯಿದೆ ಭಾರತೀಯರಿಗೆ ಲೈಸೆನ್ಸ್ ಕಡ್ಡಾಯ ಮಾಡಿ, ಯುರೋಪಿಯನ್ನರಿಗೆ ವಿನಾಯಿತಿ ಕೊಟ್ಟಿತ್ತು. ಸ್ವತಂತ್ರ ಭಾರತ 1959ರಲ್ಲಿ ತನ್ನದೇ ಕಾಯಿದೆ ಮಾಡಿಕೊಂಡಿತು. ಆದರೆ ಒಂದು ದೇಶ ಇನ್ನೊಂದು ದೇಶಕ್ಕೆ ಆಯುಧ ಮಾರುವಾಗ ಪಾಲಿಸಬೇಕಾದ ನಿಯಮ? ಮೊದಲ ಮಹಾಯುದ್ಧದ ನಂತರ ಅಂಥ ಪ್ರಯತ್ನವೇನೋ ನಡೆಯಿತು. 1925ರಲ್ಲಿ ಜಿನೀವಾದಲ್ಲಿ ಒಂದು ಒಪ್ಪಂದವೂ ಸಿದ್ಧವಾಯಿತು. ಅದು ಜಾರಿಗೇ ಬರಲಿಲ್ಲ.

ಇಲ್ಲೊಂದು ವಿಪರ್ಯಾಸವಿದೆ. ವನ್ಯಜೀವಿಗಳ ವ್ಯಾಪಾರವನ್ನು ಹತೋಟಿಯಲ್ಲಿಡುವ ಸೈಟಿಸ್ ಒಪ್ಪಂದ 1975ರಲ್ಲೇ ಜಾರಿಗೆ ಬಂತು. ಮರುವರ್ಷ ಭಾರತವೂ ಸೇರಿತು. ಆನೆಯ ದಂತ ದೇಶದ ಗಡಿ ದಾಟುವುದಕ್ಕೆ ಜಗತ್ತೇ ಒಪ್ಪಿದ ತಡೆ ಬಿತ್ತು. ಆನೆಯನ್ನು ಕೊಲ್ಲುವ ಕೋವಿ ಗಡಿ ದಾಟುವುದಕ್ಕೆ ಅಂಥ ನಿಯಮ ಬರಲು ಮತ್ತೂ 39 ವರ್ಷ ಬೇಕಾಯಿತು.

ಹತ್ತು ಲಕ್ಷ ಮುಖಗಳು

ಆ ನಿಯಮಕ್ಕಾಗಿ ಮೊದಲು ದನಿ ಎತ್ತಿದ್ದು ಸರ್ಕಾರಗಳಲ್ಲ. ಕೋಸ್ಟರಿಕಾದ ಮಾಜಿ ಅಧ್ಯಕ್ಷ ಆಸ್ಕರ್ ಅರಿಯಾಸ್ ಮತ್ತು ಇತರ ನೊಬೆಲ್ ಶಾಂತಿ ಪುರಸ್ಕೃತರು 1997ರಲ್ಲಿ ಆಯುಧ ಮಾರಾಟಕ್ಕೊಂದು ನೀತಿಸಂಹಿತೆಯನ್ನು ಮುಂದಿಟ್ಟರು. ಅದೇ ವರ್ಷ ಮನುಷ್ಯರನ್ನು ಗುರಿಯಾಗಿಸುವ ನೆಲಬಾಂಬುಗಳನ್ನು ನಿಷೇಧಿಸುವ ಒಪ್ಪಂದವಾಗಿ, ಅದಕ್ಕಾಗಿ ಹೋರಾಡಿದ ಸಂಘಟನೆಗಳ ಒಕ್ಕೂಟಕ್ಕೆ ನೊಬೆಲ್ ಶಾಂತಿ ಪುರಸ್ಕಾರ ಬಂತು. ಜನರ ಒತ್ತಡಕ್ಕೆ ಸರ್ಕಾರಗಳು ಮಣಿಯಬಲ್ಲವು ಎಂಬ ಧೈರ್ಯ ಮೂಡಿತು.

2003ರ ಅಕ್ಟೋಬರ್‌ನಲ್ಲಿ ಆಮ್ನೆಸ್ಟಿ ಇಂಟರ್‌ನ್ಯಾಷನಲ್, ಆಕ್ಸ್‌ಫ್ಯಾಮ್ ಮತ್ತು ಸಣ್ಣ ಶಸ್ತ್ರಗಳ ವಿರುದ್ಧದ ಜಾಲ ಐಯಾನ್ಸಾ ಸೇರಿ ‘ಕಂಟ್ರೋಲ್ ಆರ್ಮ್ಸ್’ ಚಳವಳಿ ಆರಂಭಿಸಿದವು. ಸಹಿ ಸಂಗ್ರಹದ ಬದಲು ಜನರ ಭಾವಚಿತ್ರಗಳನ್ನೇ ಸಂಗ್ರಹಿಸಿದ್ದು ಇದರ ವಿಶೇಷ. ಹತ್ತು ಲಕ್ಷ ಮುಖಗಳ ಆ ಮನವಿಯನ್ನು 2006ರಲ್ಲಿ ವಿಶ್ವಸಂಸ್ಥೆಯ ಮಹಾ ಕಾರ್ಯದರ್ಶಿ ಕೋಫಿ ಅನ್ನಾನ್ ಅವರಿಗೆ ಒಪ್ಪಿಸಲಾಯಿತು. ಭಾರತದಲ್ಲೂ ಮಣಿಪುರದ ಬೀನಾಲಕ್ಷ್ಮಿ ನೆಪ್ರಮ್ 2004ರಲ್ಲಿ ಕಂಟ್ರೋಲ್ ಆರ್ಮ್ಸ್ ಫೌಂಡೇಶನ್ ಆಫ್ ಇಂಡಿಯಾ ಸ್ಥಾಪನೆಗೆ ಮುಂದಾದರು. ಗುಂಡೇಟಿಗೆ ಮನೆಯವರನ್ನು ಕಳೆದುಕೊಂಡ ಹೆಂಗಸರನ್ನು ಸಂಘಟಿಸಿದರು.

ಕೊನೆಗೆ 2013ರ ಏಪ್ರಿಲ್ 2ರಂದು ವಿಶ್ವಸಂಸ್ಥೆಯ ಮಹಾಧಿವೇಶನ ಶಸ್ತ್ರಾಸ್ತ್ರ ವ್ಯಾಪಾರ ಒಪ್ಪಂದವನ್ನು ಅಂಗೀಕರಿಸಿತು. ಪರ 154 ಮತ. ಇರಾನ್, ಉತ್ತರ ಕೊರಿಯಾ ಮತ್ತು ಸಿರಿಯಾ ವಿರೋಧಿಸಿದವು. ತಟಸ್ಥವಾಗಿ ಉಳಿದ 23 ದೇಶಗಳಲ್ಲಿ ಭಾರತವೂ ಒಂದು. ಒಪ್ಪಂದ 2014ರ ಡಿಸೆಂಬರ್ 24ರಂದು ಜಾರಿಗೆ ಬಂತು.

ಎರಡು ಪ್ರಶ್ನೆಗಳು

ಒಪ್ಪಂದ ಆಯುಧ ಮಾರಾಟವನ್ನು ನಿಷೇಧಿಸುವುದಿಲ್ಲ. ಮಾರುವ ದೇಶ ತನ್ನನ್ನು ತಾನು ಕೇಳಿಕೊಳ್ಳಬೇಕಾದ ಪ್ರಶ್ನೆಗಳನ್ನು ಹೇಳುತ್ತದೆ. ಅವುಗಳಲ್ಲಿ ಎರಡು ಮುಖ್ಯ. ಈ ಆಯುಧ ಕೊಂಡವನ ಕೈತಪ್ಪಿ ಕಳ್ಳದಾರಿ ಹಿಡಿಯುವ ಅಪಾಯವಿದೆಯೇ? ಕೊಂಡವನೇ ಅದನ್ನು ಹಿಡಿದು ಮಾನವ ಹಕ್ಕುಗಳನ್ನು ತುಳಿಯುವ ಅಪಾಯವಿದೆಯೇ?

ಮೊದಲ ಪ್ರಶ್ನೆಗೆ ರಾಮಾಪುರ ಉದಾಹರಣೆ. ಎರಡನೆಯದಕ್ಕೆ ಉದಾಹರಣೆಯೂ ಇದೇ ಸೀಮೆಯಲ್ಲಿದೆ. ವೀರಪ್ಪನ್ ಬೇಟೆಗೆ ರಚನೆಯಾದ ವಿಶೇಷ ಕಾರ್ಯಪಡೆಯ ಮೇಲೆ ಕಾಡಂಚಿನ ಹಳ್ಳಿಗರಿಂದ ಅಕ್ರಮ ಬಂಧನ, ಚಿತ್ರಹಿಂಸೆಯ ದೂರುಗಳು ಬಂದವು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 1999ರಲ್ಲಿ ನಿವೃತ್ತ ನ್ಯಾಯಮೂರ್ತಿ ಎ.ಜೆ. ಸದಾಶಿವ ನೇತೃತ್ವದ ಸಮಿತಿಯನ್ನು ವಿಚಾರಣೆಗೆ ನೇಮಿಸಿತು. ವರದಿ ಬಂದ ಮೇಲೆ, 2007ರಲ್ಲಿ, 89 ಮಂದಿಗೆ ಒಟ್ಟು 2.80 ಕೋಟಿ ರೂಪಾಯಿ ಪರಿಹಾರ ಕೊಡಬೇಕೆಂದು ಆಯೋಗ ಹೇಳಿತು. ಅಷ್ಟರಲ್ಲಿ ವೀರಪ್ಪನ್ ಸತ್ತು ಎರಡು ವರ್ಷ ದಾಟಿತ್ತು. ಕಳ್ಳನ ಕೋವಿಗೂ ಸರ್ಕಾರದ ಕೋವಿಗೂ ನಡುವೆ ಸಿಕ್ಕಿದವರು ಬಡವರು. ಒಂದು ಕಡೆಗೆ ಅನ್ನ ಕೊಟ್ಟರೆ ಇನ್ನೊಂದು ಕಡೆಯಿಂದ ಪೆಟ್ಟು, ಸುದ್ದಿ ಕೊಟ್ಟರೆ ಸಾವು.

ಒಪ್ಪಂದವೊಂದು ಇದ್ದಿದ್ದರೆ ಇದೆಲ್ಲ ತಪ್ಪುತ್ತಿತ್ತು ಎನ್ನುವಂತಿಲ್ಲ. ದೇಶದ ಒಳಗಿನ ಬಂದೂಕು ಅದರ ವ್ಯಾಪ್ತಿಗೆ ಬರುವುದಿಲ್ಲ. 1993ರ ಏಪ್ರಿಲ್ 9ರಂದು ಪಾಲಾರ್ ಬಳಿ 22 ಜನರನ್ನು ಕೊಂದದ್ದು ನೆಲದಲ್ಲಿ ಹೂತಿಟ್ಟ ನಾಡಬಾಂಬುಗಳು. ಅಂಥ ಸ್ಫೋಟಕಗಳನ್ನೂ ಒಪ್ಪಂದ ಮುಟ್ಟುವುದಿಲ್ಲ.

ಭಾರತದ ಆಕ್ಷೇಪ

ಭಾರತ ಈವರೆಗೆ ಒಪ್ಪಂದಕ್ಕೆ ಸಹಿ ಹಾಕಿಲ್ಲ. ಕಾರಣಗಳನ್ನು ತಳ್ಳಿಹಾಕುವಂತೆಯೂ ಇಲ್ಲ. ಆಯುಧ ಮಾರುವ ದೇಶಗಳಿಗೆ ಹೆಚ್ಚು ಅಧಿಕಾರ, ಕೊಳ್ಳುವ ದೇಶಗಳಿಗೆ ಹೆಚ್ಚು ಹೊರೆ ಎಂಬುದು ಮೊದಲ ಆಕ್ಷೇಪ. ಭಯೋತ್ಪಾದಕರ ಮತ್ತು ಸರ್ಕಾರೇತರ ಸಶಸ್ತ್ರ ಗುಂಪುಗಳ ಕೈಗೆ ಆಯುಧ ಸೇರುವುದನ್ನು ತಡೆಯಲು ಒಪ್ಪಂದದಲ್ಲಿ ಬಿಗಿಯಿಲ್ಲ ಎಂಬುದು ಎರಡನೆಯದು. ಠಾಣೆಯ ಬಂದೂಕು ಕಾಡುಗಳ್ಳನ ಪಾಲಾದುದನ್ನು ಕಂಡ ಹನೂರು ಸೀಮೆಯವರಿಗೆ ಈ ಎರಡನೆಯ ಮಾತು ಬೇಗ ಅರ್ಥವಾಗುತ್ತದೆ. ಒಪ್ಪಂದದ ಪರ ಇರುವವರ ಉತ್ತರವೂ ಅಷ್ಟೇ ಸರಳ: ಬಿಗಿಯಿಲ್ಲದಿದ್ದರೆ ಒಳಗಿದ್ದು ಬಿಗಿ ಮಾಡಿಸಬೇಕು.

ಇನ್ನೊಂದು ಬದಲಾವಣೆಯೂ ಆಗಿದೆ. ಭಾರತ ಈಗ ಬರೀ ಕೊಳ್ಳುವ ದೇಶವಲ್ಲ. 2023–24ರಲ್ಲಿ ದೇಶದ ರಕ್ಷಣಾ ರಫ್ತು 21,083 ಕೋಟಿ ರೂಪಾಯಿ ಮುಟ್ಟಿತು. ನಾವು ಮಾರಿದ ಸಾಮಗ್ರಿ ಕೊನೆಗೆ ಯಾರ ಕೈ ಸೇರುತ್ತದೆ ಎಂದು ಇಷ್ಟು ದಿನ ಬೇರೆಯವರನ್ನು ಕೇಳುತ್ತಿದ್ದ ಪ್ರಶ್ನೆ ಈಗ ನಮ್ಮನ್ನೂ ಕೇಳುವಂತಾಗಿದೆ.

ರಾಮಾಪುರ ಕೊಳ್ಳೇಗಾಲ ತಾಲ್ಲೂಕಿನಿಂದ ಹನೂರು ತಾಲ್ಲೂಕಿಗೆ ಬಂದಿದೆ. ಮಹದೇಶ್ವರನ ಬೆಟ್ಟಕ್ಕೆ ಭಕ್ತರು ಇರುಳಲ್ಲೂ ನಿರ್ಭಯವಾಗಿ ಹೋಗುತ್ತಾರೆ. ಆ ಕಾಲ ಮುಗಿಯಿತೆಂದು ಜನ ನಿಟ್ಟುಸಿರು ಬಿಟ್ಟದ್ದು ಸಹಜ. ಮನುಷ್ಯನಿಗಿಂತ ಬಂದೂಕಿನ ಆಯುಸ್ಸು ದೊಡ್ಡದು; ಹಿಡಿದ ಕೈ ಹೋದರೂ ಅದು ಇನ್ನೊಂದು ಕೈಗೆ ಕಾಯುತ್ತದೆ. ಮಾರುವ ಮುನ್ನವೇ ಆ ಕೈ ಯಾರದೆಂದು ಕೇಳಬೇಕೆಂದು ಹತ್ತು ಲಕ್ಷ ಮುಖಗಳು ಬೇಡಿಕೊಂಡದ್ದು ಅದಕ್ಕಾಗಿಯೇ.