ಲಿನಕ್ಸ್ ಕರ್ನೆಲ್‌ನ ಕೋಡಿಂಗ್ ಶೈಲಿ

ಲಿನಕ್ಸ್ ಕರ್ನೆಲ್‌ಗೆ ಸಿ ಭಾಷೆಯಲ್ಲಿ ಕೋಡ್ ಬರೆದು ಕಳುಹಿಸುವವರು ಪಾಲಿಸಬೇಕಾದ ನಿಯಮಗಳ ಕೈಪಿಡಿ. ಲಿನಸ್ ಟೊರ್ವಾಲ್ಡ್ಸ್ ಬರೆಯತೊಡಗಿದ ಈ ದಾಖಲೆ ಕರ್ನೆಲ್‌ನ ಮೂಲ ಕೋಡ್ ಜೊತೆಯಲ್ಲೇ ಇರುತ್ತದೆ. ಖಾಲಿ ಜಾಗ ಎಷ್ಟಿದೆ, ಆವರಣ ಯಾವ ಸಾಲಿನಲ್ಲಿದೆ ಎಂಬುದು ಸಿ ಕಂಪೈಲರ್‌ಗೆ ಲೆಕ್ಕಕ್ಕಿಲ್ಲ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಪರಿಶೀಲಿಸಿ, ಮತ್ತೊಬ್ಬರು ಎಷ್ಟೋ ವರ್ಷಗಳ ಮೇಲೆ ತಿದ್ದಬೇಕಾಗುವುದರಿಂದ ನಿಯಮಗಳು ಬೇಕಾದವು.

ಇಂಡೆಂಟೇಶನ್ ಮತ್ತು ಆವರಣ

ಪ್ರತಿ ಒಳಹಂತಕ್ಕೂ 8 ಅಕ್ಷರ ಅಗಲದ ಒಂದು ಟ್ಯಾಬ್ ಬಿಡಬೇಕು. ಬಹಳ ಹೊತ್ತು ಪರದೆ ನೋಡಿ ದಣಿದ ಕಣ್ಣಿಗೂ ಬ್ಲಾಕ್ ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು ಎಂಬುದು ಕಾಣಬೇಕು. ಮೂರಕ್ಕಿಂತ ಹೆಚ್ಚು ಹಂತ ಬೇಕಾಯಿತೆಂದರೆ ಟ್ಯಾಬ್ ಕಿರಿದು ಮಾಡುವುದಲ್ಲ, ಪ್ರೋಗ್ರಾಮನ್ನೇ ಸರಿಪಡಿಸಬೇಕು. ಆವರಣ ಹಾಕುವ ರೀತಿ ಕರ್ನಿಘನ್ ಮತ್ತು ರಿಚಿಯವರ 1978ರ ಸಿ ಪುಸ್ತಕದ್ದು: ಷರತ್ತು ಮತ್ತು ಲೂಪ್‌ಗಳ ಆರಂಭದ ಆವರಣ ಅದೇ ಸಾಲಿನ ಕೊನೆಗೆ, ಫಂಕ್ಷನ್‌ನದು ಮುಂದಿನ ಸಾಲಿಗೆ. ಗ್ನೂ ಯೋಜನೆಯ ಶೈಲಿಯಲ್ಲಾದರೋ ಆವರಣಕ್ಕೆ ಯಾವಾಗಲೂ ಪ್ರತ್ಯೇಕ ಸಾಲು.

ಸಾಲಿನ ಉದ್ದ 80 ಅಕ್ಷರದೊಳಗಿದ್ದರೆ ಒಳ್ಳೆಯದು. ದೋಷ ಸಂದೇಶಗಳನ್ನು ಮಾತ್ರ ಎಷ್ಟು ಉದ್ದವಾದರೂ ತುಂಡರಿಸಬಾರದು. ತುಂಡರಿಸಿದರೆ ಗ್ರೆಪ್ ಎಂಬ ಪಠ್ಯಶೋಧಕದಿಂದ ಹುಡುಕುವವರಿಗೆ ಸಿಗುವುದಿಲ್ಲ.

ಹೆಸರು ಮತ್ತು ಫಂಕ್ಷನ್

ಎಲ್ಲೆಡೆ ಬಳಕೆಯಾಗುವ ಗ್ಲೋಬಲ್ ಫಂಕ್ಷನ್‌ಗೆ ಅದರ ಕೆಲಸ ಹೇಳುವ ಹೆಸರಿರಬೇಕು. ಲೂಪ್ ಎಣಿಕೆಗೆ ‘ಐ’ ಎಂಬ ಒಂದಕ್ಷರ ಸಾಕು. ಹೆಸರಿನೊಳಗೆ ಡೇಟಾದ ಬಗೆಯನ್ನು ಸೇರಿಸುವ ಹಂಗೇರಿಯನ್ ಪದ್ಧತಿ ಸಲ್ಲದು. ಸ್ಟ್ರಕ್ಟ್‌ಗಳನ್ನು ಟೈಪ್‌ಡೆಫ್‌ನ ಹಿಂದೆ ಮುಚ್ಚಿಡುವುದಕ್ಕೂ ವಿರೋಧವಿದೆ.

ಕೋಡ್‌ನ ಬೇರೊಂದು ಜಾಗಕ್ಕೆ ನೇರವಾಗಿ ಜಿಗಿಸುವ, ಇತರೆಡೆ ದೂರವಿಡುವ ಗೋಟೂ ಹೇಳಿಕೆಗೆ ಇಲ್ಲಿ ಗೌರವದ ಸ್ಥಾನವಿದೆ. ಮೆಮೊರಿ ಪಡೆದ ಮೇಲೆ ನಡುವೆ ಎಡವಟ್ಟಾದರೆ ಪಡೆದದ್ದನ್ನೆಲ್ಲ ಬಿಟ್ಟುಕೊಟ್ಟು ಹೊರಬರಬೇಕು. ಆ ಕೆಲಸವನ್ನು ಫಂಕ್ಷನ್‌ನ ಕೊನೆಗೆ ಒಂದೇ ಕಡೆ ಬರೆದು, ಎಲ್ಲ ಕಡೆಯಿಂದಲೂ ಅಲ್ಲಿಗೆ ಜಿಗಿಯುತ್ತಾರೆ. ಲೇಬಲ್‌ಗೆ ‘ಔಟ್_ಫ್ರೀ_ಬಫರ್’ ಎಂಬಂಥ ಹೆಸರಿಡಬೇಕು. ‘ಎರರ್1’, ‘ಎರರ್2’ ಎಂದರೆ ನಡುವೆ ಒಂದು ಸೇರಿಸಿದಾಗ ಉಳಿದವುಗಳ ಸಂಖ್ಯೆ ಬದಲಿಸಬೇಕಾಗುತ್ತದೆ.

ಚರ್ಚೆ

ಒಂದೇ ಹೇಳಿಕೆ ಇರುವ ಷರತ್ತಿಗೆ ಆವರಣ ಬೇಡ ಎನ್ನುತ್ತದೆ ಕರ್ನೆಲ್ ಶೈಲಿ. ಇದರ ಅಪಾಯವನ್ನು 2014ರಲ್ಲಿ ಬಯಲಾದ ಆಪಲ್‌ನ ‘ಗೋಟೂ ಫೇಲ್’ ದೋಷ ತೋರಿಸಿತು. ಅಲ್ಲಿ ಆವರಣವಿಲ್ಲದ ಇಫ್‌ನ ಕೆಳಗೆ ಅದೇ ಗೋಟೂ ಸಾಲು ಎರಡು ಬಾರಿ ಬಂದಿತ್ತು. ಇಂಡೆಂಟೇಶನ್ ನೋಡಿದರೆ ಎರಡೂ ಷರತ್ತಿಗೆ ಸೇರಿದವು. ಕಂಪೈಲರ್‌ಗೆ ಎರಡನೆಯದು ಷರತ್ತಿನ ಹೊರಗಿನದು. ಹೀಗಾಗಿ ಡಿಜಿಟಲ್ ಸಹಿಯ ಪರಿಶೀಲನೆಯೇ ತಪ್ಪಿಹೋಗುತ್ತಿತ್ತು. ದಾರಿತಪ್ಪಿಸುವ ಇಂಡೆಂಟೇಶನ್ ಕಂಡರೆ ಎಚ್ಚರಿಸುವ ಸೌಲಭ್ಯ 2016ರ ಜಿಸಿಸಿ 6 ಕಂಪೈಲರ್‌ನಲ್ಲಿ ಬಂತು.

ಪಾಲನೆ

ಪ್ಯಾಚ್ (ಕೋಡ್ ಬದಲಾವಣೆ) ಕಳುಹಿಸುವ ಮೊದಲು ಶೈಲಿಯ ತಪ್ಪು ಹುಡುಕುವ ‘ಚೆಕ್‌ಪ್ಯಾಚ್’ ಸ್ಕ್ರಿಪ್ಟ್ ಓಡಿಸುವುದು ರೂಢಿ. 2020ರಲ್ಲಿ ಇದರ ಸಾಲಿನ ಮಿತಿಯನ್ನು 80ರಿಂದ 100ಕ್ಕೆ ಏರಿಸಲಾಯಿತು. ಕೋಡನ್ನು ತಾನಾಗಿಯೇ ಶೈಲಿಗೆ ಹೊಂದಿಸುವ ಕ್ಲ್ಯಾಂಗ್-ಫಾರ್ಮ್ಯಾಟ್ ಸಾಧನಕ್ಕೆ ಬೇಕಾದ ಸಂರಚನಾ ಕಡತ 2018ರಿಂದ ಕರ್ನೆಲ್ ಜೊತೆಗೇ ಬರುತ್ತಿದೆ. ಸ್ಕ್ರಿಪ್ಟ್ ಎತ್ತಿದ ತಕರಾರೇ ಅಂತಿಮವಲ್ಲ. ನಿಯಮ ಮುರಿದರೆ ಕೋಡ್ ಓದಲು ಸುಲಭವಾಗುತ್ತದೆ ಎನ್ನುವಲ್ಲಿ ಆಯಾ ವಿಭಾಗದ ಮೇಂಟೇನರ್ ಹೇಳಿದಂತೆ ನಡೆಯುತ್ತದೆ.